ಸಹಾಯ ಬೇಕು: ಪ್ಲಾಕ್ ಎಣಿಕೆ ಹತ್ತು ಪಟ್ಟು ಇಳಿಯುತ್ತಿಲ್ಲ

ವೈರಾಣು ದ್ರಾವಣವನ್ನು ಹಂತಹಂತವಾಗಿ ಹತ್ತು ಪಟ್ಟು ತೆಳುಮಾಡಿ, ಬ್ಯಾಕ್ಟೀರಿಯಾ ಪದರದಲ್ಲಿ ಅದು ಮಾಡುವ ತಿಳಿ ಕಲೆಗಳನ್ನು (ಪ್ಲಾಕ್) ಎಣಿಸುವುದು: ವೈರಾಣು ವಿಜ್ಞಾನಕ್ಕೆ ಕಾಲಿಡುವವರು ಮೊದಮೊದಲು ಕಲಿಯುವ ಕೆಲಸ ಇದು, ಎಡವುವುದೂ ಇಲ್ಲೇ. ನನ್ನದು ಟಿ4 ಫೇಜ್ (ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಾಣು), ಇ. ಕೋಲಿ ಬ್ಯಾಕ್ಟೀರಿಯಾದ ಬಿ ತಳಿ. ತಳದ ಅಗಾರ್ (ಜೆಲ್ಲಿಯಂತೆ ಗಟ್ಟಿಯಾಗುವ ಮಾಧ್ಯಮ) 1.5%, ಮೇಲಿನ ಮೆದು ಅಗಾರ್ 0.7%. ಪ್ರತಿ ಹಂತದಲ್ಲೂ 0.1 ಮಿ.ಲೀ. ಫೇಜ್‌ಗೆ 0.9 ಮಿ.ಲೀ. ಬಫರ್. ಕೊನೆಗೆ ಆ ದ್ರಾವಣ 0.1 ಮಿ.ಲೀ., ಬೆಳೆಯುತ್ತಿರುವ ಬ್ಯಾಕ್ಟೀರಿಯಾ 0.2 ಮಿ.ಲೀ. ಸೇರಿಸಿ 10 ನಿಮಿಷ ಬಿಟ್ಟು, 45 ಡಿಗ್ರಿಯ 3 ಮಿ.ಲೀ. ಮೆದು ಅಗಾರ್‌ನಲ್ಲಿ ಬೆರೆಸಿ ಸುರಿಯುವುದು. 37 ಡಿಗ್ರಿಯಲ್ಲಿ ರಾತ್ರಿಯಿಡೀ.

10⁻⁵ (ಲಕ್ಷ ಪಟ್ಟು ತೆಳುಮಾಡಿದ) ತಟ್ಟೆಯಲ್ಲಿ 212 ಪ್ಲಾಕ್, 10⁻⁶ರಲ್ಲಿ 84. ಬರಬೇಕಿದ್ದದ್ದು 21ರ ಆಸುಪಾಸು. ಮೊದಲನೆಯದನ್ನು ನಂಬಿದರೆ ಮೂಲ ದ್ರಾವಣದ ಮಿ.ಲೀ.ಗೆ 2.12×10⁸ ಫೇಜ್, ಎರಡನೆಯದನ್ನು ನಂಬಿದರೆ 8.4×10⁸. ಯಾವುದನ್ನು ಬರೆಯುವುದು?

ಪಿಪೆಟ್‌ನ ಟಿಪ್ ಪ್ರತಿ ಹಂತಕ್ಕೂ ಬದಲಾಗುತ್ತಿದೆ. ಆದರೆ ಟಿಪ್ಪನ್ನು ಆಳಕ್ಕೆ ಅದ್ದಿದರೆ ಹೊರಮೈಗೆ ಅಂಟಿದ ಫೇಜ್ ಮುಂದಿನ ಕೊಳವೆಗೆ ಹೋಗುತ್ತದಲ್ಲ, ಅದೇ ಮೊದಲ ಅನುಮಾನ. ಕೊಳವೆಯನ್ನು ಸರಿಯಾಗಿ ಕಲಕದಿರುವುದು ಎರಡನೆಯದು. ಫೇಜ್ ಇಲ್ಲದ ತಟ್ಟೆ ಪೂರ್ತಿ ಮಬ್ಬಾಗಿದೆ, ಹಾಗಾಗಿ ಬ್ಯಾಕ್ಟೀರಿಯಾದ ಮೇಲೆ ದೂರಿಲ್ಲ. ಬರೀ ಬಫರ್ ಹಾಕಿದ ತಟ್ಟೆಯಲ್ಲೂ ಪ್ಲಾಕ್ ಇಲ್ಲ.

ಇನ್ನೊಂದು ತೊಂದರೆ: ಮೆದು ಅಗಾರ್ ಸುರಿಯುವಷ್ಟರಲ್ಲಿ ಗಂಟುಕಟ್ಟುತ್ತದೆ. ತಟ್ಟೆಯನ್ನು ಮೊದಲೇ 37 ಡಿಗ್ರಿಗೆ ಬೆಚ್ಚಗಾಗಿಸಿದರೆ ಸಾಕೇ? ಪ್ರತಿ ಹಂತಕ್ಕೆ ಎಷ್ಟು ಸೆಕೆಂಡು ಕಲಕುತ್ತೀರಿ, ಎಷ್ಟು ತಟ್ಟೆ ಹಾಕುತ್ತೀರಿ, ದಯವಿಟ್ಟು ತಿಳಿಸಿ.