‘ಆ ಡಬ್ಬಿ ತೆಗೀಬೇಡಿ ಮಾವ’: ಟ್ರೇಲರ್ ವೈರಿಂಗ್ ಮೇಲೆ ಮನೆ ಗುಂಪಿನಲ್ಲಿ ವಾಗ್ವಾದ

ಕುಮಟಾ ತಮ್ಮ: 📷 (ಚಿತ್ರ: ಟ್ರೇಲರಿನ 12 ವೋಲ್ಟ್ ವೈರಿಂಗ್ ನಕ್ಷೆ, ಕೆಂಪು ಪೆನ್ನಿನ ತಿದ್ದುಪಡಿ ಸಹಿತ)
ಅಮೆರಿಕದ ಟ್ರಾವೆಲ್ ಟ್ರೇಲರಿನ (ಗಾಡಿ ಹಿಂದೆ ಕಟ್ಟಿ ಎಳೆಯೋ ಪುಟ್ಟ ಮನೆ) ನಕ್ಷೆ. ಶಿರಸಿ ಮಾವ ನಮ್ಮ ಟ್ರೇಲರಿಗೆ ಹೊಂದುವಂಗೆ ತಿದ್ದಿ ಕೊಟ್ಟಿದ್ದಾರೆ. ಪ್ಲೈವುಡ್ ಹೊಡೆಯೋದ್ರೊಳಗೆ ವೈರ್ ಎಳೆದು ಮುಗಿಸ್ಬೇಕು. ತಕರಾರಿದ್ರೆ ಈಗಲೇ ಹೇಳಿ, ಆಮೇಲೆ ಬೇಡ.

ಬೈತಖೋಲ ಭಾವ: ತಕರಾರಿದೆ. ಬ್ಯಾಟರಿ ಪಕ್ಕದ ಆ ಚಿಕ್ಕ ಡಬ್ಬಿ ಮೇಲೆ ಕಾಟು ಹೊಡೆದದ್ದು ಎಂತಕ್ಕೆ?

ಶಿರಸಿ ಮಾವ: ಅದು ಬರೇ ಜಾಯಿಂಟು. ಎರಡು ಬೋಲ್ಟು, ಎರಡು ವೈರು. ಫ್ಯೂಸೆಲ್ಲ ಒಳಗೆ ಬಾಕ್ಸಲ್ಲೇ ಇದೆಯಲ್ಲ, ಹೊರಗೆ ಮಳೆಯಲ್ಲಿ ಇನ್ನೊಂದು ಜಾಯಿಂಟ್ ಯಾಕೆ?

ಬೈತಖೋಲ ಭಾವ: ಜಾಯಿಂಟ್ ಅಲ್ಲ ಮಾವ, ಕರೆಂಟ್ ಜಾಸ್ತಿಯಾದ್ರೆ ಕಡಿಯೋ ಆಟೋ ರಿಸೆಟ್ ಬ್ರೇಕರ್. ಝೂಮ್ ಮಾಡಿ ನೋಡಿ, ಒಂದು ಸ್ಟಡ್ (ಬೋಲ್ಟು) ತಾಮ್ರದ ಬಣ್ಣ, ಇನ್ನೊಂದು ಬೆಳ್ಳಿ ಬಣ್ಣ. ತಾಮ್ರದ್ದು ಬ್ಯಾಟರಿ ಕಡೆಗೆ, ಬೆಳ್ಳಿಯದ್ದು ಲೋಡ್ ಕಡೆಗೆ. ಅದನ್ನ ತೆಗೆದ್ರೆ ಮುಂದಿನ ಎ ಫ್ರೇಮ್ (ಕೊಂಡಿ ಹಿಡಿಯೋ ತ್ರಿಕೋನ ಚೌಕಟ್ಟು) ಮೇಲಿರೋ ಬ್ಯಾಟರಿಯಿಂದ ಅಡುಗೆ ಕಟ್ಟೆ ಕೆಳಗಿನ ಫ್ಯೂಸ್ ಬಾಕ್ಸ್ ತನಕ 5 ಮೀಟರ್ ವೈರಿಗೆ ಕಾವಲೇ ಇಲ್ಲ. ಆ 5 ಮೀಟರಲ್ಲಿ ಎಲ್ಲಾದ್ರೂ ಕಬ್ಬಿಣದ ಅಂಚಿಗೆ ಉಜ್ಜಿ ತೊಗಟೆ ಹೋದ್ರೆ ಒಳಗಿನ ಒಂದು ಫ್ಯೂಸೂ ಹಾರೋದಿಲ್ಲ. ಕರೆಂಟು ಅಲ್ಲಿ ತನಕ ಹೋಗೋದೇ ಇಲ್ವಲ್ಲ.

ಶಿರಸಿ ಮಾವ: 12 ವೋಲ್ಟು ಮಾರಾಯಾ. ಕೈಗೆ ಶಾಕೂ ಹೊಡೆಯೋದಿಲ್ಲ.

ಕಾರವಾರ ಅಕ್ಕ: ಶಾಕ್ ಹೊಡೆಯೋದಿಲ್ಲ ಮಾವ, ಬೆಂಕಿ ಹಚ್ತದೆ. ಶಾಕಿಗೆ ವೋಲ್ಟೇಜ್ ಬೇಕು, ವೈರ್ ಬಿಸಿಯಾಗೋದಕ್ಕೆ ಆಂಪಿಯರ್ ಸಾಕು. 100 ಆಂಪಿಯರ್ ಅವರ್ ಬ್ಯಾಟರಿಯನ್ನ ನೇರ ಶಾರ್ಟ್ ಮಾಡಿದ್ರೆ ನೂರಾರಲ್ಲ, ಸಾವಿರ ದಾಟಿದ ಆಂಪಿಯರ್ ಬರಬಹುದು. ಲಿಥಿಯಂ ಆದ್ರೆ ಇನ್ನೂ ಜಾಸ್ತಿ.

ಶಿರಸಿ ಮಾವ: ಲಿಥಿಯಂ ಒಳಗೆ ಬಿಎಂಎಸ್ (ಬ್ಯಾಟರಿ ಕಾಯೋ ಸರ್ಕ್ಯೂಟ್) ಇರ್ತದೆ. ಶಾರ್ಟ್ ಆದ್ರೆ ಅದೇ ಕಟ್ ಮಾಡ್ತದೆ.

ಕಾರವಾರ ಅಕ್ಕ: ಕಟ್ ಮಾಡೋದು ಮಾಸ್‌ಫೆಟ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್. ಅದು ಕೆಟ್ಟಾಗ ಸಾಮಾನ್ಯವಾಗಿ ತೆರೆದುಕೊಳ್ಳೋದಿಲ್ಲ, ಶಾರ್ಟಾಗಿ ಕೂತುಬಿಡ್ತದೆ. ಬಿಎಂಎಸ್ ಕಾಯೋದು ಸೆಲ್ಲನ್ನ, ವೈರಿನ ಜವಾಬ್ದಾರಿ ಅದಕ್ಕಿಲ್ಲ. ಮುಖ್ಯ ಫ್ಯೂಸ್ ಬ್ಯಾಟರಿ ಪ್ಲಸ್ಸಿಂದ ಒಂದು ಗೇಣಿನೊಳಗೆ ಇರಲೇಬೇಕು. ಅಮೆರಿಕದವ್ರ ಟ್ರೇಲರ್ ನಿಯಮದಲ್ಲಿ 18 ಇಂಚಿನ ತನಕ ಬಿಡ್ತಾರೆ, ಗೇಣಾದ್ರೆ ಇನ್ನೂ ಒಳ್ಳೇದು.

ಬೈತಖೋಲ ಭಾವ: ಮತ್ತೆ ತಮ್ಮಾ, ಆ ಆಟೋ ರಿಸೆಟ್ ಡಬ್ಬಿಯೂ ನಂಗೆ ಅಷ್ಟು ಸರಿ ಕಾಣೋದಿಲ್ಲ. ಶಾರ್ಟ್ ಆದ್ರೆ ಬಿಸಿಯಾಗಿ ಕಡಿತದೆ, ತಣ್ಣಗಾದ ಕೂಡ್ಲೆ ತಾನಾಗೇ ಮತ್ತೆ ಕೂಡ್ತದೆ, ಮತ್ತೆ ಕಡಿತದೆ. ಯಾರೂ ನೋಡದಿದ್ರೆ ಬ್ಯಾಟರಿ ಖಾಲಿ ಆಗೋ ತನಕ ಇದೇ ಆಟ. ಬ್ಯಾಟರಿ ಟರ್ಮಿನಲ್ ಮೇಲೇ ಕೂರೋ ಎಂಆರ್‌ಬಿಎಫ್ ಫ್ಯೂಸ್ ಸಿಗ್ತದೆ, ಬೋಟಿಗೆ ಹಾಕ್ತಾರೆ. 14 ವೋಲ್ಟಿಗೆ 10,000 ಆಂಪಿಯರ್ ತನಕ ಕಡಿಯೋ ತಾಕತ್ತು ಅದಕ್ಕಿದೆ. ಗಾಡಿಗಳಲ್ಲಿ ಚುಚ್ಚೋ ಸಾಮಾನ್ಯ ಬ್ಲೇಡ್ ಫ್ಯೂಸಿನದ್ದು 1,000 ಮಾತ್ರ. ಅದಕ್ಕೇ ಲಿಥಿಯಂ ಬಾಯಿಗೆ ನೇರ ಬ್ಲೇಡ್ ಫ್ಯೂಸ್ ಕೊಡಬಾರ್ದು, ಹಾರಿದ ಮೇಲೂ ಒಳಗೆ ಕಿಡಿ ಹಿಡಿದುಕೊಂಡು ಉರೀಬಹುದು.

ಶಿರಸಿ ಮಾವ: ಅಷ್ಟೆಲ್ಲ ಎಂತಕ್ಕೆ? ಮನೆಗೆ ಹಾಕೋ ಸಿ 32 ಎಂಸಿಬಿ (32 ಆಂಪಿಯರಿನ, ಲೋಡ್ ಜಾಸ್ತಿಯಾದ್ರೆ ತಾನಾಗೇ ಬೀಳೋ ಸ್ವಿಚ್) ಇಡು. ಸ್ವಿಚ್ಚೂ ಆಯ್ತು, ಫ್ಯೂಸೂ ಆಯ್ತು.

ಕುಮಟಾ ತಮ್ಮ: ಎಸಿ ಎಂಸಿಬಿ ಡಿಸಿಗೆ ಹಾಕಿದ್ರೆ ಸುಟ್ಟೇ ಹೋಗ್ತದೆ ಅಂತಾರಲ್ಲ?

ಕಾರವಾರ ಅಕ್ಕ: ಅದೂ ಅತಿಯಾಯ್ತು. ಮಾವ ಹೇಳಿದ್ರಲ್ಲಿ ಅರ್ಧ ಸರಿ. ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರ್ತದೆ, ಕಿಡಿ ಆಗ ತಾನಾಗೇ ಆರ್ತದೆ. ಡಿಸಿಯಲ್ಲಿ ಸೊನ್ನೆಯೇ ಇಲ್ಲ. ಮನೆ ಮೇಲಿನ ಸೋಲಾರಿನ 300 ವೋಲ್ಟ್ ಸಾಲಿಗೆ ಎಸಿ ಎಂಸಿಬಿ ಹಾಕಿದ್ರೆ ಅದು ನಿಜವಾದ ಅಪಾಯ. 12 ವೋಲ್ಟಿಗೆ ಕಿಡಿ ಅಷ್ಟು ಉದ್ದ ಎಳೆಯೋದಿಲ್ಲ. ತೊಂದರೆ ಬೇರೆ ಕಡೆ. ಅದರೊಳಗಿನ ಕಾಯಿಲ್ ಡಿಸಿಗೆ ತಡವಾಗಿ ಎಳೀತದೆ, ಎಸಿಯದ್ದಕ್ಕಿಂತ ಸುಮಾರು 1.4 ಪಟ್ಟು ಕರೆಂಟ್ ಬೇಕು. ಸಿ 32 ಎಸಿಯಲ್ಲಿ 320 ಆಂಪಿಯರಿನೊಳಗೆ ಥಟ್ಟನೆ ಬೀಳ್ಬೇಕು, ಡಿಸಿಯಲ್ಲಿ 450 ಹತ್ರ ಹೋಗ್ಬಹುದು. ಮೈಮೇಲೆ ಡಿಸಿ ವೋಲ್ಟೇಜೂ ಕಡಿಯೋ ತಾಕತ್ತೂ ಅಚ್ಚಾಗಿರೋ ಎಂಸಿಬಿ ಸಿಕ್ಕಿದ್ರೆ ಫ್ಯೂಸಿನ ನಂತರ ಸ್ವಿಚ್ ಅಂತ ಇಟ್ಕೊಳ್ಳಿ. ಫ್ಯೂಸಿನ ಜಾಗಕ್ಕೆ ಬೇಡ.

ಶಿರಸಿ ಮಾವ: ಆಯ್ತು ತಂಗಿ, ಅದು ಬಿಟ್ಟೆ. ಆದ್ರೆ ಬಾಕ್ಸಲ್ಲಿ ಎಲ್ಲ ಕಡೆ 30 ಆಂಪಿಯರ್ ಅಂತ ಬರೆದದ್ದು ಬಿಡೋದಿಲ್ಲ. 5, 10 ಅಂತ ಹಾಕಿದ್ರೆ ಪದೇ ಪದೇ ಹಾರೋ ರಗಳೆ.

ಬೈತಖೋಲ ಭಾವ: ಮೊದಲು ತೆಗೀಬೇಕಾದ್ದೇ ಅದು! ಫ್ಯೂಸ್ ಇರೋದು ಪಂಪು, ಲೈಟು ಉಳಿಸೋದಕ್ಕಲ್ಲ ಮಾವ, ವೈರ್ ಉಳಿಸೋದಕ್ಕೆ. 30ರ ಬ್ಲೇಡ್ ಫ್ಯೂಸ್ 30 ದಾಟಿದ ಕೂಡ್ಲೆ ಹಾರೋದಿಲ್ಲ. 40 ಆಂಪಿಯರ್ ಹರಿದ್ರೂ 10 ನಿಮಿಷದ ತನಕ ಸುಮ್ನೆ ಕೂರಬಹುದು. ಅಷ್ಟೊತ್ತಿಗೆ ಪ್ಲೈವುಡ್ ಹಿಂದೆ ನಿಮ್ಮ 1.5 ಸ್ಕ್ವೇರ್ ಎಂಎಂ ವೈರಿನ ತೊಗಟೆ ಬೆಂದಿರ್ತದೆ.

ಕಾರವಾರ ಅಕ್ಕ: ಲೆಕ್ಕ ಹಾಕೋಣ. ಎಲ್‌ಇಡಿ ಲೈಟು 3 ವ್ಯಾಟಿನದ್ದು 8, ಒಟ್ಟು 24 ವ್ಯಾಟ್, ಅಂದ್ರೆ 2 ಆಂಪಿಯರ್. ಅದಕ್ಕೆ 1.5ರ ವೈರು, 5ರ ಫ್ಯೂಸ್. ನೀರಿನ ಪಂಪಿಗೆ 2.5ರ ವೈರು, 10ರ ಫ್ಯೂಸ್. ಕಂಪ್ರೆಸರ್ ಫ್ರಿಜ್ ಓಡುವಾಗ 4–5 ಆಂಪಿಯರೇ ತಗೊಂಡ್ರೂ ಶುರುವಾಗುವಾಗ ಜಾಸ್ತಿ ಎಳೀತದೆ, ಅದಕ್ಕೆ 15. ವೈರ್ ಮಾತ್ರ 4 ಸ್ಕ್ವೇರ್ ಎಂಎಂ. ಮೊಬೈಲ್ ಚಾರ್ಜಿಂಗ್ ಪಾಯಿಂಟಿಗೆ 10. ತಮ್ಮಾ, ಅಂಗಡಿಯಲ್ಲಿ ಬಣ್ಣ ನೋಡಿ ತಗೋ: ತಿಳಿಕಂದು 5, ಕೆಂಪು 10, ನೀಲಿ 15, ಹಳದಿ 20, ಹಸಿರು 30. ಹಸಿರು ಈ ಬಾಕ್ಸಿಗೆ ಒಂದೂ ಬೇಡ.

ಶಿರಸಿ ಮಾವ: ಫ್ರಿಜ್ಜಿಗೆ 4 ಅಂದ್ರೆ ದಂಡ. ಬ್ಯಾಟರಿಯಿಂದ ಬಾಕ್ಸಿಗೂ ನಾನು 2.5 ಬರೆದದ್ದು ಸಾಕು. 20 ಆಂಪಿಯರ್ ಆರಾಮಾಗಿ ತಡೀತದೆ.

ಕಾರವಾರ ಅಕ್ಕ: ತಡೀತದೆ, ಬಿಸಿಯಾಗೋ ಲೆಕ್ಕದಲ್ಲಿ ನೀವು ಸರಿ. ಆದ್ರೆ ವೋಲ್ಟೇಜ್ ಬೀಳ್ತದೆ. ಹೋಗೋದು 5 ಮೀಟರ್, ಬರೋದು 5 ಮೀಟರ್, ಒಟ್ಟು 10. ಉದ್ದವನ್ನ 0.0175ರಿಂದ ಗುಣಿಸಿ ವೈರಿನ ದಪ್ಪದಿಂದ ಭಾಗಿಸಿದ್ರೆ ಓಮ್ ಸಿಗ್ತದೆ. 2.5ಕ್ಕೆ 0.07 ಓಮ್. 20 ಆಂಪಿಯರಿಗೆ 1.4 ವೋಲ್ಟ್ ದಾರಿಯಲ್ಲೇ ಹೋಯ್ತು. 230ರಲ್ಲಿ 1.4 ಹೋದ್ರೆ ಲೆಕ್ಕಕ್ಕಿಲ್ಲ, 12ರಲ್ಲಿ ಹೋದ್ರೆ ನೂರಕ್ಕೆ ಹನ್ನೆರಡು ಪಾಲು. ಬ್ಯಾಟರಿ ಅರ್ಧ ತುಂಬಿರುವಾಗಲೇ ಫ್ರಿಜ್ ‘ಬ್ಯಾಟರಿ ಖಾಲಿ’ ಅಂತ ನಿಂತುಬಿಡ್ತದೆ. 10 ಸ್ಕ್ವೇರ್ ಎಂಎಂ ಹಾಕಿದ್ರೆ 0.35 ವೋಲ್ಟಲ್ಲಿ ಮುಗೀತದೆ, ಬ್ಯಾಟರಿ ಮೇಲೆ 40ರ ಫ್ಯೂಸ್ ಇಡಬಹುದು.

ಕುಮಟಾ ತಮ್ಮ: ಬಾಕ್ಸಿಂದ 1000 ವ್ಯಾಟಿನ ಇನ್ವರ್ಟರಿಗೂ ಒಂದು ಲೈನ್ ಎಳೀಲಾ?

ಬೈತಖೋಲ ಭಾವ: ಬಾಕ್ಸಿಂದ ಬೇಡ ಮಾರಾಯಾ! ಪೂರ್ತಿ ಲೋಡಿಗೆ 100 ಆಂಪಿಯರ್ ಹತ್ರ ಬರ್ತದೆ. ಅದಕ್ಕೆ ಬ್ಯಾಟರಿಯಿಂದಲೇ ಬೇರೆ 35 ಸ್ಕ್ವೇರ್ ಎಂಎಂ ಕೇಬಲ್, ಬೇರೆ 125ರ ಫ್ಯೂಸ್, ಆದಷ್ಟು ಗಿಡ್ಡ.

ಈಗ ಬಣ್ಣದ ವಿಷಯಕ್ಕೆ ಬರ್ತೇನೆ. ಈ ನಕ್ಷೆಯಲ್ಲಿ ಕರಿ ವೈರ್ ಬ್ಯಾಟರಿ ಪ್ಲಸ್ಸಿಗೆ ಹೋಗಿದೆ, ಬಿಳಿ ಮೈನಸ್ಸಿಗೆ. ಮಾವ ಅದನ್ನ ತಪ್ಪು ಅಂತ ಅದಲು ಬದಲು ಮಾಡಿದ್ದಾರೆ.

ಶಿರಸಿ ಮಾವ: ಕರಿ ಪ್ಲಸ್ ಎಲ್ಲಿಯಾದ್ರೂ ಇರ್ತದಾ?

ಬೈತಖೋಲ ಭಾವ: ಅಮೆರಿಕದ ಟ್ರೇಲರಲ್ಲಿ ಇರ್ತದೆ. ಅಲ್ಲಿ ಬಿಳಿಯೇ ಅರ್ಥ್, ಅಂದ್ರೆ ಮೈನಸ್. ಅಷ್ಟೇ ಅಲ್ಲ, ಅದೇ ಫ್ಯೂಸ್ ಬಾಕ್ಸಿನ ಇನ್ನೊಂದು ಅರ್ಧದಲ್ಲಿ 120 ವೋಲ್ಟ್ ಎಸಿ ಇದೆ, ಅದರ ಫೇಸೂ ಕರಿ, ನ್ಯೂಟ್ರಲ್ ಬಿಳಿ. ಅವ್ರ ಕನ್ವರ್ಟರಲ್ಲಿ (ಎಸಿಯನ್ನ 12 ವೋಲ್ಟ್ ಡಿಸಿ ಮಾಡೋ ಸಾಧನ) ಬ್ಯಾಟರಿ ಉಲ್ಟಾ ಕೊಟ್ರೆ ಹಾರೋದಕ್ಕೆ ಅಂತಲೇ ಫ್ಯೂಸ್ ಇಟ್ಟಿದ್ದು ಇದಕ್ಕೇ. ನಕ್ಷೆ ಎಡಭಾಗದಲ್ಲಿ ಜೋಡಿಯಾಗಿ ಕಾಣ್ತಾ ಇದೆ ನೋಡಿ. ಮಾವ ಅದಕ್ಕೂ ಕಾಟು ಹೊಡೆದಿದ್ದಾರೆ. ಆ 120ರ ಕನ್ವರ್ಟರ್ ಇಲ್ಲಿ 230ಕ್ಕೆ ನಡೆಯೋದಿಲ್ಲ, ಆ ಭಾಗ ಪೂರ್ತಿ ಮರೆತುಬಿಡಿ. ನಮ್ಮದರಲ್ಲಿ ಕೆಂಪು ಪ್ಲಸ್, ಕರಿ ಮೈನಸ್, 230ರ ವೈರು ಬೇರೆ ಪೈಪಲ್ಲಿ, ಬೇರೆ ಬಾಕ್ಸಲ್ಲಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಕಡಿಯೋ ಸ್ವಿಚ್) ಸಹಿತ.

ಶಿರಸಿ ಮಾವ: ಒಪ್ಪಿದೆ. ಆದ್ರೆ ಮೈನಸ್ಸಿಗೆ ವೈರೇ ಬೇಡ. ಚಾಸಿಗೆ (ಟ್ರೇಲರಿನ ಕಬ್ಬಿಣದ ಚೌಕಟ್ಟು) ಕೊಟ್ರೆ ಅರ್ಧ ವೈರ್ ಉಳೀತದೆ. ಕಾರಲ್ಲಿ, ಬಸ್ಸಲ್ಲಿ ಎಲ್ಲ ಹಂಗೇ.

ಬೈತಖೋಲ ಭಾವ: ಶಿರಸಿಯಲ್ಲೇ ಇದ್ರೆ ನಾಲ್ಕು ವರ್ಷ ನಡೀಬಹುದು. ಈ ಟ್ರೇಲರ್ ನಿಲ್ಲೋದು ಗೋಕರ್ಣ, ಅಂಕೋಲಾ, ಕಾರವಾರದ ಸಮುದ್ರದ ಗಾಳಿಗೆ. ಬಣ್ಣದ ಆಂಗಲ್ ಮೇಲೆ ಸ್ಕ್ರೂ ತಿರುಗಿಸಿ ಕೊಟ್ಟ ಅರ್ಥ್ ಒಂದು ಮಳೆಗಾಲಕ್ಕೆ ತುಕ್ಕು. ಅಲ್ಯೂಮಿನಿಯಂ ಶೀಟಿಗೆ ಕೊಟ್ರಂತೂ ಬಿಳಿ ಹುಡಿ ಬಂದು ಬಿಡ್ತದೆ. ಆಮೇಲೆ ಕರೆಂಟ್ ಬೇರೆ ದಾರಿ ಹುಡುಕ್ತದೆ. ಇಂಡಿಕೇಟರ್ ಹಾಕಿದ್ರೆ ಟೇಲ್ ಲೈಟ್ ಮಿಣುಕೋದು ಎಂತಕ್ಕೆ ಅಂದ್ಕೊಂಡ್ರಿ? ಅರ್ಥ್ ಸಿಗದೆ ಪಕ್ಕದ ಬಲ್ಬಿನ ತಂತಿಯಲ್ಲಿ ಹಾದು ವಾಪಸ್ ಬರ್ತದೆ. ಜೀಪಿಗೆ ಸಿಕ್ಕಿಸೋ ಪ್ಲಗ್ಗಿನ ಅರ್ಥ್ ಪಿನ್ ಕೆಟ್ಟಿದ್ರೆ ಟ್ರೇಲರ್ ಎಳೆಯೋ ಕೊಂಡಿಯ ಗುಂಡಿನ ಮೂಲಕ ಹೋಗ್ತದೆ, ದೇವಿಮನೆ ಘಾಟಿನ ಪ್ರತಿ ತಿರುವಿಗೂ ಲೈಟ್ ಹೋಗಿ ಬರ್ತದೆ.

ಕಾರವಾರ ಅಕ್ಕ: ಪ್ರತಿ ಲೋಡಿಗೂ ಮೈನಸ್ ವೈರ್ ಬೇರೆ, ಪ್ಲಸ್ಸಿನಷ್ಟೇ ದಪ್ಪ, ಎಲ್ಲ ವೈರ್ ಕೂಡೋ ಒಂದು ಲೋಹದ ಪಟ್ಟಿಗೆ, ಅಂದ್ರೆ ಬಸ್‌ಬಾರಿಗೆ. ಬಸ್‌ಬಾರಿಂದ ಚಾಸಿಗೆ ಒಂದೇ ಕಡೆ ಕೊಡೋದು, ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ, ಮೇಲೆ ಗ್ರೀಸ್. ವೈರ್ ತವರ ಲೇಪದ ತಾಮ್ರದ್ದು ಸಿಕ್ಕಿದ್ರೆ ಸರಿ, ಇಲ್ಲದಿದ್ರೆ ಮಾಮೂಲಿ ಹಲವು ಎಳೆಯ ತಾಮ್ರ. ಒಂದೇ ಎಳೆಯದ್ದು ಅಲುಗಾಟಕ್ಕೆ ಮುರೀತದೆ.

ಶಿರಸಿ ಮಾವ: ಜಾಯಿಂಟಿಗೆ ಬೆಸುಗೆ ಹಾಕ್ಸು ತಮ್ಮಾ, ಗಟ್ಟಿ.

ಬೈತಖೋಲ ಭಾವ: ಗಟ್ಟಿಯಾಗೋದೇ ತೊಂದರೆ. ಸೀಸ ಎಳೆಗಳೊಳಗೆ ಹೀರಿ ಹೋಗಿ ಒಂದು ಕಡ್ಡಿಯಾಗ್ತದೆ, ಆ ಕಡ್ಡಿ ಮುಗಿಯೋ ಜಾಗದಲ್ಲೇ ವೈರ್ ತುಂಡು. ವೈರ್ ತುದಿಗೆ ಹಾಕೋ ಲೋಹದ ಲಗ್ಗನ್ನ ರ‍್ಯಾಚೆಟ್ ಕ್ರಿಂಪರಲ್ಲಿ (ಲಗ್ಗು ಒತ್ತೋ ಉಪಕರಣ) ಒತ್ತಿ, ಒಳಗೆ ಅಂಟು ಇರೋ ಹೀಟ್ ಶ್ರಿಂಕ್ (ಬಿಸಿಗೆ ಬಿಗಿಯಾಗೋ ಕೊಳವೆ) ಹಾಕಿ, ಎಳೆದು ನೋಡಿ. ಇಕ್ಕಳದಲ್ಲಿ ಅಮುಕಿದ ಲಗ್ಗು ಬೇಡ. ಸಡಿಲ ಲಗ್ಗಿಗೆ 0.05 ಓಮ್ ಇದ್ರೂ 15 ಆಂಪಿಯರಿಗೆ 11 ವ್ಯಾಟ್ ಶಾಖ, ಅಷ್ಟೂ ಒಂದು ಪ್ಲಾಸ್ಟಿಕ್ ಹೋಲ್ಡರಿನೊಳಗೆ. ಹೋಲ್ಡರ್ ಕರಗಿರ್ತದೆ, ಫ್ಯೂಸ್ ಸರಿಯಾಗೇ ಇರ್ತದೆ. ಕರೆಂಟ್ ಹೆಚ್ಚಾಗಿರೋದಿಲ್ಲವಲ್ಲ, ಅದು ಯಾಕೆ ಹಾರ್ತದೆ? ಅಂಥ ಕಡೆ ದೊಡ್ಡ ಫ್ಯೂಸ್ ಹಾಕೋದು ಮತ್ತೊಂದು ತಪ್ಪು.

ಕುಮಟಾ ತಮ್ಮ: ಜೀಪಿಂದ ಬ್ಯಾಟರಿ ಚಾರ್ಜ್ ಆಗೋ ಲೈನಿಗೆ ಜೀಪಲ್ಲಿ ಫ್ಯೂಸ್ ಇದೆ, ಸಾಕಲ್ಲ?

ಕಾರವಾರ ಅಕ್ಕ: ಸಾಲೋದಿಲ್ಲ. ಆ ವೈರಿನ ಎರಡೂ ತುದಿಯಲ್ಲಿ ಬ್ಯಾಟರಿ ಇದೆ. ಮಧ್ಯೆ ಶಾರ್ಟ್ ಆದ್ರೆ ಎರಡೂ ಕಡೆಯಿಂದ ಕರೆಂಟ್ ಬರ್ತದೆ, ಹಾಗಾಗಿ ಫ್ಯೂಸ್ ಎರಡೂ ತುದಿಗೆ.

ಶಿರಸಿ ಮಾವ: ಎಲ್ಲ ಮುಗಿದ ಮೇಲೆ ಮೊದಲ ಸಲ ಕರೆಂಟ್ ಕೊಡೋದು ಹೆಂಗೆ? ನೇರ ಬ್ಯಾಟರಿ ಜೋಡಿಸಿ ನೋಡೋದಾ? ಮನೆ ವೈರಿಂಗಿಗೆ ನಾವು ಸೀರೀಸ್ ಲ್ಯಾಂಪ್ (ಲೈನಿನ ಮಧ್ಯೆ ಸಿಕ್ಕಿಸೋ ಪರೀಕ್ಷೆ ಬಲ್ಬ್) ಹಿಡಿಯದೆ ಕೊಡೋದಿಲ್ಲಪ್ಪ.

ಬೈತಖೋಲ ಭಾವ: ಅದೇ ಮಾಡೋದು ಮಾವ, ಇದು ನಿಮ್ಮ ಕೈಯಲ್ಲೇ ಆಗ್ಲಿ. ಬಾಕ್ಸಿನ ಫ್ಯೂಸೆಲ್ಲ ತೆಗೆದಿಡಿ. ಮುಖ್ಯ ಫ್ಯೂಸಿನ ಜಾಗಕ್ಕೆ 12 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಜೋಡಿಸಿ. ಎಲ್ಲ ಸ್ವಿಚ್ ಆಫ್ ಇಟ್ಟು ಒಂದೊಂದೇ ಫ್ಯೂಸ್ ಹಾಕ್ತಾ ಹೋಗಿ. ಬಲ್ಬ್ ಪೂರ್ತಿ ಉರೀತು ಅಂದ್ರೆ ಆ ಲೈನಲ್ಲಿ ಶಾರ್ಟ್, ಎಷ್ಟೇ ಶಾರ್ಟಾದ್ರೂ 2 ಆಂಪಿಯರಿಗಿಂತ ಜಾಸ್ತಿ ಹರಿಯೋದಿಲ್ಲ. ಎಲ್‌ಇಡಿ ಬಲ್ಬ್ ಬೇಡ, ತಂತಿ ಬಲ್ಬೇ ಆಗ್ಬೇಕು.

ಶಿರಸಿ ಮಾವ: ಬಲ್ಬೂ ಹೋಲ್ಡರೂ ನಾನು ತರ್ತೇನೆ. ತಮ್ಮಾ, ಆ ಚಿತ್ರ ಗುಂಪಿಂದ ತೆಗೆ, ಅಕ್ಕ ಹೊಸದು ಬರೆದು ಹಾಕ್ಲಿ.

ಕುಮಟಾ ತಮ್ಮ: ಫ್ಯೂಸ್ ಹಾರಿದ್ಯಾ ಅಂತ ನೋಡೋದಕ್ಕೆ ಪ್ರತಿ ಸಲ ಕಿತ್ತು ನೋಡ್ಬೇಕಾ?

ಕಾರವಾರ ಅಕ್ಕ: ಬೇಡ. ಬ್ಲೇಡ್ ಫ್ಯೂಸಿನ ನೆತ್ತಿ ಮೇಲೆ ಎರಡು ಸಣ್ಣ ತೂತಲ್ಲಿ ಲೋಹ ಕಾಣ್ತದೆ. ಮೀಟರಿನ ಕರಿ ಮುಳ್ಳು ಮೈನಸ್ ಬಸ್‌ಬಾರಿಗೆ, ಕೆಂಪು ಮುಳ್ಳು ಒಂದು ತೂತಿಗೆ, ಆಮೇಲೆ ಇನ್ನೊಂದಕ್ಕೆ. ಎರಡರಲ್ಲೂ 12–13 ಬಂದ್ರೆ ಫ್ಯೂಸ್ ಸರಿ ಇದೆ, ಒಂದರಲ್ಲಿ ಮಾತ್ರ ಬಂದ್ರೆ ಹಾರಿದೆ, ಎರಡರಲ್ಲೂ ಸೊನ್ನೆ ಅಂದ್ರೆ ಬ್ಯಾಟರಿ ಮೇಲಿನದ್ದನ್ನ ನೋಡು. ಹೊಸ ನಕ್ಷೆ ಸಂಜೆ ಹಾಕ್ತೇನೆ.