ಫ್ರೆಂಚ್ ಕ್ರಿಯಾಪದದ ಬಾಲ: ಸಿಲೆಬಲ್ ಎಣಿಸುವುದು ಹೇಗೆ?

ಫ್ರೆಂಚ್ ಕಲಿಯುವ ಕನ್ನಡದ ಮಕ್ಕಳಿಗಾಗಿ ಕ್ರಿಯಾಪದಗಳ ಉಚ್ಚಾರಣೆಯ ಪಟ್ಟಿಯೊಂದನ್ನು ಕನ್ನಡ ಲಿಪಿಯಲ್ಲಿ ಮಾಡುತ್ತಿದ್ದೇನೆ. ಸಿಲೆಬಲ್ (ಪದದಲ್ಲಿ ಒಂದೇ ಸಲಕ್ಕೆ ಉಚ್ಚರಿಸುವ ತುಣುಕು) ಒಡೆಯುವ ಕಡೆ ತೊಡಕಿದೆ. ತಿಳಿದವರು ಹೇಳಬೇಕು.

‘ಮಾತಾಡು’ ಎಂಬರ್ಥದ ‘ಪಾರ್ಲೆ’ (ಬಿಸ್ಕತ್ತಲ್ಲ!) ತೆಗೆದುಕೊಳ್ಳಿ. ನಾನು, ನೀನು, ಅವರು ಮೂವರಿಗೂ ವರ್ತಮಾನದ ಸ್ಪೆಲಿಂಗ್ ಬೇರೆ ಬೇರೆ, ಬಾಯಲ್ಲಿ ಬರುವುದು ಮಾತ್ರ ಒಂದೇ ‘ಪಾರ್ಲ್’. ‘ಅವರು’ ರೂಪದ ಕೊನೆಯ ಇ, ಎನ್, ಟಿ ಮೂರೂ ಮೌನ. ಸಾಲಿನ ಅಂಚಿನಲ್ಲಿ ಪದ ಮುರಿಯಬೇಕಾದರೆ ಅಚ್ಚಿನವರು ಎರಡು ತುಂಡು ಮಾಡುತ್ತಾರೆ, ಮಾತಿನಲ್ಲಿ ಒಂದೇ ಸಿಲೆಬಲ್. (ದಕ್ಷಿಣ ಫ್ರಾನ್ಸಿನವರು ಬಾಲ ಎಳೆದು ‘ಪಾರ್ಲ’ ಎನ್ನುವುದುಂಟು.) ಅದೇ ಮೂರಕ್ಷರ ನಾಮಪದದ ಕೊನೆಗೆ ಬಂದರೆ ಸಾಮಾನ್ಯವಾಗಿ ಮೂಗಿನ ‘ಆಂ’. ಇದನ್ನು ತೋರಿಸಲೆಂದೇ ಫ್ರೆಂಚರಲ್ಲಿ ಒಂದು ವಾಕ್ಯ ಚಾಲ್ತಿಯಲ್ಲಿದೆ: ‘ಲೆ ಪೂಲ್ ದ್ಯು ಕುವಾಂ ಕೂವ್’. ಅಂದರೆ, ಮಠದ ಕೋಳಿಗಳು ಕಾವಿಗೆ ಕೂತಿವೆ. ಕೊನೆಯ ಎರಡು ಪದಗಳ ಸ್ಪೆಲಿಂಗಿನಲ್ಲಿ ಒಂದಕ್ಷರವೂ ವ್ಯತ್ಯಾಸವಿಲ್ಲ!

ಸತ್ತ ಆ ‘ಟಿ’ ಪ್ರಶ್ನೆ ಕೇಳುವಾಗ ಎದ್ದು ಕೂರುತ್ತದೆ: ‘ಪಾರ್ಲ್-ತಿಲ್?’ (ಅವರು ಮಾತಾಡುತ್ತಾರೆಯೇ?) ಏಕವಚನದಲ್ಲಿ ‘ಟಿ’ ಇಲ್ಲವೇ ಇಲ್ಲ, ಆದರೂ ಒಂದನ್ನು ತಂದು ನಡುವೆ ಸಿಕ್ಕಿಸುತ್ತಾರೆ, ಹಾಗಾಗಿ ಕಿವಿಗೆ ಎರಡೂ ಒಂದೇ. ‘ಪ್ರೀತಿಸು’ ಎಂಬರ್ಥದ ‘ಎಮೆ’ಯಂಥ, ಸ್ವರದಿಂದ ಶುರುವಾಗುವ ಕ್ರಿಯಾಪದಗಳಲ್ಲಾದರೋ ವಚನ ಗೊತ್ತಾಗುತ್ತದೆ: ಅವನಾದರೆ ‘ಇ-ಲೆಮ್’, ಅವರಾದರೆ ‘ಇಲ್-ಜ಼ೆಮ್’. ಗುರುತು ಬಾಲದಲ್ಲಿಲ್ಲ, ತಲೆಯಲ್ಲಿದೆ.

ಇದಕ್ಕೆ ತದ್ವಿರುದ್ಧವಾಗಿ, ಬಾಲ ಕಿವಿಗೆ ಕೇಳುವ ರೂಪಗಳೂ ಉಂಟು. ‘ನಾವು ಮಾತಾಡುತ್ತಿದ್ದೆವು’ ಎನ್ನಲು ‘ಪಾರ್-ಲ್ಯೋಂ’, ಎರಡೇ ಸಿಲೆಬಲ್. ನಮ್ಮ ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನದು ಗುರುವಾಗುವ ಹಾಗೆ ಇಲ್ಲೂ ‘ರ್’ ಹಿಂದಕ್ಕೆ ಸೇರುತ್ತದೆ. ವಿನಯದಿಂದ ‘ನಮಗೆ ಬೇಕಿತ್ತು’ ಎಂದು ಕೇಳುವ ‘ವು-ದ್ರಿ-ಯೋಂ’ ಮಾತ್ರ ಮೂರು. ‘ದ್ರ್’ ಒಟ್ಟಿಗೇ ಇರುವುದರಿಂದ ಅದರ ಮೇಲೆ ‘ಯ’ವನ್ನೂ ಹೇರಲು ಫ್ರೆಂಚ್ ನಾಲಿಗೆ ಒಪ್ಪದು, ‘ಇ’ ಬಿಡಿಯಾಗಿ ನಿಲ್ಲುತ್ತದೆ. ಅಚ್ಚಿನಲ್ಲಿ ಮಾತ್ರ ಇದನ್ನು ಎರಡೇ ತುಂಡು ಮಾಡುತ್ತಾರೆ, ಎರಡು ಸ್ವರಗಳ ನಡುವೆ ಮುರಿಯಬಾರದೆಂಬುದು ಅವರ ಕಟ್ಟಳೆ. ಹಾಗಾಗಿ ನಿಘಂಟಿನ ಅಡ್ಡಗೆರೆ ನಂಬಿ ಉಚ್ಚಾರಣೆ ಹೇಳಿಕೊಡುವುದು ನನಗೆ ಸರಿ ಕಾಣದು.

ಈಗ ನನ್ನ ಪ್ರಶ್ನೆ. ‘ಪಾರ್ಲ್’ ಎಂದು ಬರೆದರೂ ನಮ್ಮವರು ‘ಪಾರ್ಲು’ ಎಂದೇ ಓದುತ್ತಾರೆ, ಬಸ್ಸು, ಕಾರು ಅಂದ ಹಾಗೆ. ಅಲ್ಲಿಗೆ ಸಿಲೆಬಲ್ ಎರಡಾಯಿತು. ತರಗತಿಯಲ್ಲಿ ಫ್ರೆಂಚ್ ಕಲಿಸುವವರು ಇದಕ್ಕೇನು ಮಾಡುತ್ತೀರಿ? ಪದ್ಯದ ಸಾಲಿನ ನಡುವೆ ಬಂದಾಗ ಈ ಮೂಕ ಬಾಲವನ್ನೂ ಎಣಿಸುತ್ತಾರಲ್ಲ, ಅದಕ್ಕೆ ಬೇರೆ ಗುರುತು ಇಡಬೇಕೆ?