ನೈಟ್ ಡ್ಯೂಟಿ ಇರುವ ವಾರ ಮಗುವನ್ನು ರಾತ್ರಿ ಎಲ್ಲಿ ಮಲಗಿಸ್ತೀರಿ? (ಕಾರವಾರದವರು ಹೇಳಿ)

ಕೋಡಿಬಾಗದ ಸಿಸ್ಟರ್:

ನಾನು ಕಾರವಾರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಕೋಡಿಬಾಗದಲ್ಲಿ ಬಾಡಿಗೆ ಮನೆ. ಮಗಳಿಗೆ ಮೂರೂವರೆ ವರ್ಷ. ಗಂಡ ಬೈತಖೋಲ್ ಬಂದರಿನ ಟ್ರಾಲರ್ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವರು. ಜೂನ್, ಜುಲೈ ಮೀನುಗಾರಿಕೆ ಬಂದ್ ಇರುವಾಗ ನಮಗೆ ಯಾವ ತಲೆಬಿಸಿಯೂ ಇಲ್ಲ. ಇವರು ಬಲೆ ರಿಪೇರಿಗೆ ಹೋದರೂ ಸಂಜೆಗೆ ಮನೆಗೆ ಬರ್ತಾರೆ, ನಾನು ಧೈರ್ಯವಾಗಿ ನೈಟ್‌ಗೆ ಹೋಗ್ತೇನೆ. ಆಗಸ್ಟ್ 1ಕ್ಕೆ ಬೋಟು ಕಡಲಿಗೆ ಇಳಿಯಿತೋ, ಅಲ್ಲಿಗೆ ಮುಗಿಯಿತು. ಹೋದರೆ ವಾರ, ಹತ್ತು ದಿನ. ಮೀನು ಬಿದ್ದರೆ ಬೇಗ, ಬೀಳದಿದ್ದರೆ ದೇವರೇ ಗತಿ.

ನೈಟ್ ಅಂದರೆ ರಾತ್ರಿ 8ರಿಂದ ಬೆಳಗ್ಗೆ 8. ಹ್ಯಾಂಡೋವರ್ ಕೊಟ್ಟು ಹೊರಗೆ ಬೀಳುವಾಗ ಎಂಟೂವರೆ. ತಿಂಗಳಿಗೆ ಒಂದು ವಾರ, ಯಾರಾದರೂ ರಜೆ ಹಾಕಿದರೆ ಎರಡು. ಇಷ್ಟು ದಿನ ಕೆಳಗಿನ ಮನೆಯ ಹೆಂಗಸೊಬ್ಬರು ಮಲಗಿಸಿಕೊಳ್ತಿದ್ದರು. ಅವರೀಗ ಮಗನ ಮನೆಗೆ ಅಂತ ಪುಣೆಗೆ ಹೋಗಿಬಿಟ್ಟರು. ನನ್ನ ಆಯಿ ಕುಮಟೆಯಲ್ಲಿದ್ದಾಳೆ, ಆದರೆ ಅಪ್ಪನಿಗೆ ಲಕ್ವ ಹೊಡೆದ ಮೇಲೆ ಅವಳಿಗೆ ಹೊಸ್ತಿಲು ದಾಟುವುದೇ ಕಷ್ಟ. ಮೇಲಾಗಿ 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತಲ್ಲ, ಆಗಲೇ ಗೊತ್ತಾಯಿತು, ಮಳೆಗಾಲದಲ್ಲಿ ಕುಮಟೆಯನ್ನು ನೆಚ್ಚಿಕೊಂಡು ಕೂರುವ ಹಾಗಿಲ್ಲ ಅಂತ.

ಊರಲ್ಲಿ ಡೇ ಕೇರ್ ಇಲ್ಲ ಅಂತಲ್ಲ. ಸಂಜೆ ಆರಕ್ಕೆ ಬಾಗಿಲು ಹಾಕ್ತಾರೆ. ಒಂದು ಕಡೆ ರಾತ್ರಿ ಇಟ್ಟುಕೊಳ್ತೀರಾ ಅಂತ ಕೇಳಿಯೇಬಿಟ್ಟೆ. ಫಾರ್ಮ್ ತುಂಬಿಸ್ತಿದ್ದ ಆ ಮೇಡಂ ಪೆನ್ನಿನ ಕ್ಯಾಪ್ ಹಾಕಿ, "ರಾತ್ರಿ ಮಗು ತಾಯಿ ಹತ್ತಿರ ಇರಬೇಕಲ್ವಾ?" ಅಂದರು. ಹೌದು ಮೇಡಂ, ಗೊತ್ತಿಲ್ಲದೆ ಕೇಳಿದೆನಾ?

ಈಗ ಎರಡು ದಾರಿ ಇವೆ. ಪರಿಚಯದ ಒಬ್ಬ ಹುಡುಗಿ ನಮ್ಮ ಮನೆಗೇ ಬಂದು ಮಲಗ್ತಾಳಂತೆ, ಒಂದು ರಾತ್ರಿಗೆ 500. ವಾರಕ್ಕೆ 3,500 ಆಯಿತು. ನನ್ನ ಸಂಬಳ ಮಾತ್ರ ಕೇಳಬೇಡಿ. ಇಲ್ಲದಿದ್ದರೆ ಮಗುವನ್ನೇ ಯಾರದಾದರೂ ಮನೆಯಲ್ಲಿ ಬಿಡಬೇಕು. ಮಗಳದ್ದು ಹಟ ಏನಿಲ್ಲ, ಒಂದೇ ಚಟ. ನಿದ್ದೆ ಹತ್ತುವವರೆಗೆ ಕಿವಿಯ ಹಾಲೆ ಹಿಡಿದುಕೊಳ್ಳಬೇಕು. ನನ್ನದೇ ಆಗಬೇಕೆಂದಿಲ್ಲ, ಯಾರದಾದರೂ ಆದೀತು. ಬಂದ್ ಮುಗಿಯುವ ಹೊತ್ತಿಗೆ ಅವಳಪ್ಪನ ಒಂದು ಕಿವಿ ಕೆಂಪಗಾಗಿರ್ತದೆ.

ನಿಜ ಹೇಳಬೇಕೆಂದರೆ ನನಗೆ ರಾತ್ರಿಗಿಂತ ಬೆಳಗಿನ ಹೆದರಿಕೆಯೇ ಹೆಚ್ಚು. ನಾನು ಬರುವ ಹೊತ್ತಿಗೆ ಅವಳು ಚುರುಕಾಗಿ ಎದ್ದು ಕೂತಿರ್ತಾಳೆ, ನನಗೆ ಕಣ್ಣು ಬಿಡಲಾಗುವುದಿಲ್ಲ. ಬಾಗಿಲಿಗೆ ಒಳಗಿನಿಂದ ಬೀಗ, ಗ್ಯಾಸ್ ಆಫ್, ಬಚ್ಚಲಿನ ಬಕೆಟ್ ಮಗುಚಿ, ಅವಳ ಕಾಲಿಗೆ ನನ್ನ ಕಾಲು ತಾಗಿಸಿಕೊಂಡು ಮಲಗುವುದು. ಅದು ನಿದ್ದೆ ಅಲ್ಲ. ಅನುಭವ ಇದ್ದವರು ಹೇಳಿ.

ಕಾಳಿಯಾಚೆ:

ಅಕ್ಕಾ, ನಾನೂ ಸಿಸ್ಟರೇ, ಮನೆ ಸದಾಶಿವಗಡ. ನಿಮ್ಮ ಆಸ್ಪತ್ರೆಯಲ್ಲೇ ಸಣ್ಣ ಮಗು ಇರುವ ಇನ್ನೊಬ್ಬರನ್ನು ಹುಡುಕಿ ಜೋಡಿ ಮಾಡಿಕೊಳ್ಳಿ. ನಾವು ಹಾಗೇ ಮಾಡಿದ್ದು. ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮೊದಲೇ ಹೇಳಿಟ್ಟು, ಇಬ್ಬರಿಗೂ ಒಂದೇ ವಾರ ನೈಟ್ ಬೀಳದಂತೆ ಡ್ಯೂಟಿ ಲಿಸ್ಟ್ ಹಾಕಿಸಿಕೊಂಡೆವು. ನನ್ನ ನೈಟ್ ಇದ್ದಾಗ ಮಗ ಅವರ ಮನೆಯಲ್ಲಿ, ಅವರ ನೈಟ್ ಇದ್ದಾಗ ಅವರ ಮಗಳು ನಮ್ಮಲ್ಲಿ. ದುಡ್ಡಿನ ಮಾತಿಲ್ಲ. ಊಟ ಮಾಡಿಸಿಯೇ ಬಿಡಬೇಕು, ಅದು ನಮ್ಮ ಒಪ್ಪಂದ.

ಆದರೆ ರಾತ್ರಿಗಳ ಲೆಕ್ಕ ಇಡಿ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಸ್ನೇಹದಲ್ಲಿ ಎಂಥ ಲೆಕ್ಕ ಅಂತ ಬಿಟ್ಟಿರೋ, ಆರು ತಿಂಗಳಲ್ಲಿ ಒಬ್ಬರ ಮುಖ ಊದಿಕೊಳ್ತದೆ.

ಇನ್ನೊಂದು ಮಾತು. ಮಗು ಮಲಗುವ ಮನೆ ನದಿಯ ಈಚೆಗೇ, ಆಸ್ಪತ್ರೆ ಇರುವ ಬದಿಗೇ ಇರಲಿ. 2024ರ ಆಗಸ್ಟ್ 6ರ ಮಧ್ಯರಾತ್ರಿ ಕಳೆದ ಮೇಲೆ ಕಾಳಿ ನದಿಯ ಹಳೆ ಸೇತುವೆ ಬಿದ್ದಾಗ ನಾನು ಡ್ಯೂಟಿಯಲ್ಲಿದ್ದೆ, ಮಗ ಆಚೆ ಅತ್ತೆಯ ಹತ್ತಿರ ಮಲಗಿದ್ದ. ಬಿದ್ದದ್ದು ಒಂದು ಗಂಟೆ ಸುಮಾರಿಗೆ. ಹೊಸ ಸೇತುವೆಯ ಮೇಲೂ ಗಾಡಿ ಬಿಡದೆ ನಿಲ್ಲಿಸಿದರು. ಮಗನಿಗೆ ಏನೂ ಆಗಿರಲಿಲ್ಲ, ನಿದ್ದೆಯಲ್ಲಿದ್ದ. ಫೋನಿನಲ್ಲಿ ಅತ್ತೆ ಅದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನ ಆಗಲಿಲ್ಲ. ಈ ಜೋಡಿ ವ್ಯವಸ್ಥೆ ಮಾಡಿಕೊಂಡದ್ದೇ ಅದಾದ ಮೇಲೆ.

ನೇರ ನುಡಿ:

ಮಗು ಸಣ್ಣದಿರುವಾಗ ನೈಟ್ ಇಲ್ಲದ ಕೆಲಸ ನೋಡಿಕೊಂಡರೆ ಮುಗೀತಲ್ಲ. ದುಡ್ಡು ಯಾವಾಗ ಬೇಕಾದರೂ ಮಾಡಬಹುದು.

ಕೋಡಿಬಾಗದ ಸಿಸ್ಟರ್:

ನೋಡಿದ್ದೇನೆ ಸರ್. ಕ್ಲಿನಿಕ್‌ನಲ್ಲಿ ಹಗಲು ಕೆಲಸ ಇದೆ, ಸಂಬಳ ಈಗಿನದರ ಅರ್ಧ. ಉಳಿದರ್ಧ ತಾವು ಹಾಕುವುದಾದರೆ ಖಾತೆ ನಂಬರ್ ಕಳಿಸ್ತೇನೆ.

ಬಿಣಗಾದ ಅಜ್ಜಿ:

ಮೊಮ್ಮಗ ಟೈಪ್ ಮಾಡ್ತಿದ್ದಾನೆ, ತಪ್ಪಿದ್ದರೆ ಅವನದ್ದು. ನಾನು ಪೊಲೀಸರ ಮಕ್ಕಳು, ಸಿಸ್ಟರ್ ಮಕ್ಕಳು, ಎಲ್ಲರನ್ನೂ ರಾತ್ರಿ ಮಲಗಿಸಿಕೊಂಡವಳು. ಈಗ ಮೊಣಕಾಲು ನೋವು, ಆದರೂ ಒಂದು ಮಗುವಿಗೆ ತೊಂದರೆಯಿಲ್ಲ.

ಮಗಾ, ಮೊದಲ ದಿನವೇ ರಾತ್ರಿಗೆ ಬಿಡಬೇಡ. ಮೊದಲು ಮಧ್ಯಾಹ್ನದ ನಿದ್ದೆಗೆ ಬಿಡು. ಆಮೇಲೆ ಒಂದು ರಾತ್ರಿ ನಿನ್ನ ಆಫ್ ಇರುವಾಗ ಬಿಟ್ಟು ನೀನು ಮನೆಯಲ್ಲಿರು, ಅತ್ತರೆ ಬಂದು ಕರೆದುಕೊಂಡು ಹೋಗಬಹುದು. ಮಗು ಆಡ್ತಿರುವಾಗ ಹಿಂದಿನ ಬಾಗಿಲಿನಿಂದ ನುಸುಳಿ ಹೋಗುವ ತಾಯಂದಿರಿದ್ದಾರೆ, ನನಗೆ ಅವರನ್ನು ಕಂಡರಾಗದು. ಆ ಮಗು ಮರುದಿನದಿಂದ ಸೆರಗು ಬಿಡುವುದಿಲ್ಲ. "ಹೋಗ್ತೇನೆ, ಬೆಳಗ್ಗೆ ಬರ್ತೇನೆ" ಅಂತ ಹೇಳಿಯೇ ಹೋಗು, ಅತ್ತರೆ ಅಳಲಿ.

ಯಾರ ಮನೆಯಲ್ಲಿ ಬಿಡ್ತೀಯೋ ಅಲ್ಲಿ ಗಂಡಸರು ಯಾರಿದ್ದಾರೆ, ಕುಡಿದು ಬರುವವರಿದ್ದಾರಾ, ಮಗು ಯಾರ ಮಗ್ಗುಲಲ್ಲಿ ಮಲಗ್ತದೆ, ಬಾಯಿಬಿಟ್ಟು ಕೇಳು. ನಾಚಿಕೆ ಬೇಡ. ಕೇಳಿದ್ದಕ್ಕೆ ಸಿಟ್ಟು ಬಂತೆಂದರೆ ಆ ಮನೆ ಬೇಡ. ನನ್ನ ಹತ್ತಿರ ಹಾಗೆ ಕೇಳಿದವಳು ಒಬ್ಬಳೇ, ಅವಳ ಮಗ ಈಗ ಕಾಲೇಜಿಗೆ ಹೋಗ್ತಾನೆ, ಇವತ್ತಿಗೂ ಬರ್ತಾನೆ.

ಅವಳು ಹೊದ್ದುಕೊಳ್ಳುವ ಚಾದರ ಕೊಡು, ತೊಳೆಯದೇ ಕೊಡು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಬೆಳಗಿನ ತನಕ ಇಲ್ಲ, ಕತ್ತಲೆಗೆ ಹೆದರ್ತಾಳಾ ಹೇಳು. ಜ್ವರದ ಔಷಧಿ ನೀನೇ ಕೊಡು, ಎಷ್ಟು ಅಂತ ಮುಚ್ಚಳದಲ್ಲಿ ಗೆರೆ ಹಾಕಿಕೊಡು. ದುಡ್ಡಿನ ವಿಷಯ ಮೊದಲೇ ಆಗಿಬಿಡಲಿ. ಬರ್ತೇನೆ ಅಂತ ಹೇಳಿ ಸಂಜೆ ಬೇಡ ಅಂದ ರಾತ್ರಿಗೆ ಅರ್ಧ ಕೊಡಬೇಕು, ನಾನು ಮೀನು ಸಾರು ಬಿಟ್ಟು ಅವಳಿಗೆಂದು ಗಂಜಿ ಇಟ್ಟಿರ್ತೇನೆ.

ಬೆಳಗ್ಗೆ ಎಂಟೂವರೆಗೆ ಓಡಿ ಬಂದು ಕರೆದುಕೊಂಡು ಹೋಗುವುದು ಯಾಕೆ? ಮುಖ ತೋರಿಸಿ ಹೋಗಿ ಮಲಗು. ಇಲ್ಲೇ ಹತ್ತಿರ ಅಂಗನವಾಡಿ ಇದೆ, ಅಕ್ಕೋರ ಹತ್ತಿರ ನಾನು ಮಾತಾಡ್ತೇನೆ.

ಕಿವಿ ವಿಷಯ ಓದಿ ನಗು ಬಂತು. ನನ್ನ ಕಿವಿಯಲ್ಲಿ ಬುಗುಡಿ ಇದೆ, ಬಿಚ್ಚಿಡ್ತೇನೆ.

ಮಲ್ಲಾಪುರ ಶಿಫ್ಟ್:

ಕೈಗಾ ಕಡೆ ಶಿಫ್ಟ್ ಕೆಲಸ ಮಾಡುವವನು, ಹೆಂಡತಿಯೂ ನರ್ಸ್. ಅಜ್ಜಿ ಹೇಳಿದ್ದರ ಮೇಲೆ ನಾನು ಹೇಳುವುದೇನಿಲ್ಲ, ಕಾನೂನಿನ ಮಾತಷ್ಟೇ. ಗಂಡಸರು, ಹೆಂಗಸರು ಸೇರಿ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಲೇಬೇಕು. ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಿ ಬರಬಹುದು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಮಾಡಿ ತಂದದ್ದು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿಸಿಕೊಂಡಿದ್ದಾರೆ. ಹಗಲಿಗೆ ಮಾತ್ರ ಅಂತ ಅದರಲ್ಲಿ ಬರೆದಿಲ್ಲ. ಒಬ್ಬರೇ ಹೋಗಿ ಕೇಳಿದರೆ ಮುಂದಿನ ತಿಂಗಳು ನಿಮಗೇ ಎರಡು ವಾರ ನೈಟ್ ಬೀಳ್ತದೆ. ನಾಲ್ಕೈದು ಜನ ಸೇರಿ ಸಹಿ ಮಾಡಿ ಬರವಣಿಗೆಯಲ್ಲಿ ಕೊಡಿ. ಒಂದು ಖಾಲಿ ರೂಮು, ನಾಲ್ಕು ಹಾಸಿಗೆ, ರಾತ್ರಿಗೆ ಒಬ್ಬ ಆಯಾ ಸಾಕು ಅಂತಲೇ ಕೇಳಿ. ವಾರ್ಡಿನಿಂದ ದೂರ ಇರಬೇಕು, ಅದು ನಿಮಗೆ ಹೇಳಬೇಕಾಗಿಲ್ಲ.

ಪಂಚಾಯಿತಿಗಳ "ಕೂಸಿನ ಮನೆ" ಬಗ್ಗೆ ಯಾರಾದರೂ ಹೇಳಿಯಾರು. ಅದು ಹಗಲಿನದ್ದು, 3 ವರ್ಷದೊಳಗಿನ ಮಕ್ಕಳಿಗೆ. ನಿಮಗೆ ಆಗುವುದಿಲ್ಲ.

ಕೋಡಿಬಾಗದ ಸಿಸ್ಟರ್:

ಎಲ್ಲರಿಗೂ ಥ್ಯಾಂಕ್ಸ್. ಲ್ಯಾಬು, ಹೌಸ್‌ಕೀಪಿಂಗ್, ಫಾರ್ಮಸಿ ಎಲ್ಲ ಸೇರಿದರೆ ನಮ್ಮಲ್ಲಿ 50 ಧಾರಾಳವಾಗಿ ದಾಟ್ತದೆ. ಆದರೆ ಅರ್ಧ ಜನ ಕಾಂಟ್ರಾಕ್ಟ್, ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ ಆಫೀಸಿನವರು ಹೇಳುವುದು ನನಗೆ ಈಗಲೇ ಕೇಳಿಸ್ತಿದೆ. ಇರಲಿ, ಸಹಿ ಹಾಕುವವರು ಮೂವರು ಸಿಕ್ಕಿದ್ದಾರೆ.

ಜೋಡಿಗೆ ಲ್ಯಾಬಿನ ಒಬ್ಬರನ್ನು ಕೇಳಿದೆ. ಅವರ ಮಗನಿಗೆ ಹತ್ತು ತಿಂಗಳು. ನನ್ನ ಮಗಳು ರಾತ್ರಿ ಕಾಲು ಒದೆಯುವವಳು, ಅದಕ್ಕೇ ಹೆದರಿಕೆ.

ಅಜ್ಜಿ, ಔಷಧಿಗೆ ಗೆರೆ ಹಾಕಿಕೊಡ್ತೇನೆ. ಆದರೆ ನಾನು ಕೊಟ್ಟ ಬಾಟಲಿ ಬಿಟ್ಟು ಮೆಡಿಕಲ್‌ನಿಂದ ಬೇರೆ ತರಿಸಬೇಡಿ. ಪ್ಯಾರಾಸಿಟಮಾಲ್ ಸಿರಪ್ 5 ಎಂ.ಎಲ್.ಗೆ 125 ಎಂ.ಜಿ. ಇರುವುದೂ ಸಿಗ್ತದೆ, 250 ಇರುವುದೂ ಸಿಗ್ತದೆ. ಬಾಟಲಿ ಬದಲಾದರೆ ನನ್ನ ಗೆರೆಯೂ ತಪ್ಪು.

ಇನ್ನೊಂದು ಕೇಳುವುದಿತ್ತು. ರೆಡ್ ಅಲರ್ಟ್ ಅಂತ ಹಿಂದಿನ ರಾತ್ರಿ ಶಾಲೆ, ಅಂಗನವಾಡಿಗೆ ರಜೆ ಕೊಟ್ಟುಬಿಡ್ತಾರಲ್ಲ, ನಾನು ಆಗಲೇ ಡ್ಯೂಟಿಯಲ್ಲಿರ್ತೇನೆ. ಆ ದಿನ ಬೆಳಗ್ಗೆ ಹೇಗೆ?

ಬಿಣಗಾದ ಅಜ್ಜಿ:

ಮಳೆ ರಜೆಯ ದಿನ ಮಧ್ಯಾಹ್ನದ ತನಕ ಇಟ್ಟುಕೊಳ್ತೇನೆ, ಅದಕ್ಕೆ 200 ಬೇರೆ. ರಾತ್ರಿಗೆ 350. ಮಗುವನ್ನು ಕರೆದುಕೊಂಡು ಬಾ, ಊಟದ ಹೊತ್ತಿಗಲ್ಲ, ನಿದ್ದೆಯ ಹೊತ್ತಿಗೆ. ವಿಳಾಸ ಇಲ್ಲಿ ಹಾಕಬೇಡ ಅಂತಿದ್ದಾನೆ ಮೊಮ್ಮಗ, ಬೇರೆ ಮೆಸೇಜ್ ಮಾಡ್ತಾನಂತೆ.